ಕನ್ನಡ ಅಕ್ಷರದ ಮರದ ಪಜಲ್‌ಗೆ ಯಾವ ಬ್ಲೇಡ್? ಸ್ಕ್ರೋಲ್ ಸಾ ಇಟ್ಟುಕೊಂಡವರಿಗೆ ಒಂದು ಮಾರ್ಗದರ್ಶಿ

ದೇವನಾಗರಿ ಅಕ್ಷರಕ್ಕೆ ತಲೆಯ ಮೇಲೊಂದು ನೇರ ಗೆರೆ ಇದೆ. ಬ್ಲೇಡ್ ಕೊಂಚ ಅಗಲವಿದ್ದರೂ ಅದರ ಮೇಲೆ ಸಲೀಸಾಗಿ ಓಡುತ್ತದೆ. ಕನ್ನಡದ್ದು ಹಾಗಲ್ಲ. ಗುಂಡು ಹೊಟ್ಟೆ, ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ನೇರ ಗೆರೆ ಹುಡುಕಿದರೂ ಸಿಗದು. ಮಹಾರಾಷ್ಟ್ರದ ಡೊಂಬಿವಲಿ, ಚಿಂಚ್‌ವಡ, ಗೋವಾದ ವಾಸ್ಕೋ ಮುಂತಾದ ಊರುಗಳ ಆಟಿಕೆ ಅಂಗಡಿಗಳಲ್ಲಿ ಎಬಿಸಿಡಿ ಪಜಲ್ ಬೇಕಷ್ಟು ಸಿಗುತ್ತದೆ, ಮರಾಠಿಯದೂ ಸಿಗುತ್ತದೆ. ಕನ್ನಡದ್ದು ಬೇಕೆಂದರೆ ಬಹುಮಟ್ಟಿಗೆ ನಾವೇ ಸ್ಕ್ರೋಲ್ ಸಾದಲ್ಲಿ, ಅಂದರೆ ತೆಳು ಬ್ಲೇಡ್ ಮೇಲೆ ಕೆಳಗೆ ಆಡುವ ಮೇಜಿನ ಗರಗಸದಲ್ಲಿ, ಕೊಯ್ದುಕೊಳ್ಳಬೇಕು. ಹಾಗೆ ಕೊಯ್ಯಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಯಂತ್ರದಲ್ಲಲ್ಲ, ಬ್ಲೇಡಿನಲ್ಲಿ. ಮರದ ದಪ್ಪ ನೋಡಿ ಬ್ಲೇಡ್ ಆರಿಸುತ್ತಾರೆ. ಕನ್ನಡ ಅಕ್ಷರಕ್ಕೆ ಈ ಲೆಕ್ಕ ತಲೆಕೆಳಗು: ಮೊದಲು ಅಕ್ಷರದ ಅತಿ ಬಿಗಿಯಾದ ತಿರುವು, ಆಮೇಲೆ ದಪ್ಪ, ಕೊನೆಗೆ ಮರದ ಜಾತಿ.

ಮೊದಲು ಯಂತ್ರದ ಬಾಯಿ ನೋಡಿ

ಸ್ಕ್ರೋಲ್ ಸಾ ಬ್ಲೇಡಿನ ಉದ್ದ ಸಾಮಾನ್ಯವಾಗಿ 5 ಇಂಚು, ಅಂದರೆ 127 ಮಿ.ಮೀ. ತುದಿಯಲ್ಲಿ ಎರಡು ಬಗೆ. ಒಂದರಲ್ಲಿ ಎರಡೂ ತುದಿಗೆ ಅಡ್ಡಲಾಗಿ ಸಣ್ಣ ಕಡ್ಡಿ ಚುಚ್ಚಿರುತ್ತದೆ. ಅದು ಪಿನ್ ಬ್ಲೇಡ್. ಇನ್ನೊಂದರ ತುದಿ ಬೋಳು. ಅದನ್ನು ಯಂತ್ರದ ಹಿಡಿಯಲ್ಲಿ ಸ್ಕ್ರೂ ಬಿಗಿದು ನಿಲ್ಲಿಸಬೇಕು. ಅಗ್ಗದ 16 ಇಂಚಿನ (ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಳತೆ) ಯಂತ್ರಗಳು ಪಿನ್ ಬ್ಲೇಡ್ ಹಾಕಿಯೇ ಬರುತ್ತವೆ. ಪಿನ್ ಬ್ಲೇಡ್ ಬದಲಿಸುವುದು ಅರ್ಧ ನಿಮಿಷದ ಕೆಲಸ ನಿಜ. ಆದರೆ ಪಿನ್ ನಿಲ್ಲಲು ಉಕ್ಕು ಅಗಲವಿರಲೇಬೇಕು. ಹಾಗಾಗಿ ಈ ಬ್ಲೇಡುಗಳು ಸುಮಾರು 2.5 ಮಿ.ಮೀ. ಅಗಲ. ಒಳಗಿನ ಭಾಗ ಕೊಯ್ಯಬೇಕಾದರೆ ಪಿನ್ ತೂರುವಷ್ಟು ದೊಡ್ಡ ತೂತು ಬೇಕು, 5 ಮಿ.ಮೀ.ಗೆ ಕಡಿಮೆಯಾದರೆ ಕಷ್ಟ. 60 ಮಿ.ಮೀ. ಎತ್ತರದ ‘ರ’ದ ಹೊಟ್ಟೆಯಲ್ಲಿ 5 ಮಿ.ಮೀ. ತೂತು ಕೊರೆದರೆ ಅದನ್ನು ಮರೆಮಾಡಲು ಜಾಗವೇ ಉಳಿಯುವುದಿಲ್ಲ.

ಆದ್ದರಿಂದ ಪಜಲ್‌ಗೆ ಬೋಳು ತುದಿಯ ಬ್ಲೇಡೇ ಸರಿ. ಪಿನ್ ಯಂತ್ರಗಳಲ್ಲೂ ಹಲವಕ್ಕೆ ಬೋಳು ಬ್ಲೇಡ್ ಹಿಡಿಯುವ ಅಡಾಪ್ಟರ್ ಜೊತೆಗೇ ಬಂದಿರುತ್ತದೆ: ಎರಡು ಪುಟ್ಟ ಲೋಹದ ತುಂಡು, ಒಂದು ಅಲೆನ್ ಕೀ. ಡಬ್ಬಿಯ ತಳದ ಪ್ಲಾಸ್ಟಿಕ್ ಚೀಲ ಬಿಚ್ಚಿ ನೋಡಿ, ಎಸೆದುಬಿಡಬೇಡಿ. ಯಂತ್ರ ಇನ್ನೂ ಕೊಂಡಿಲ್ಲವಾದರೆ ಅಂಗಡಿಯವನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಮೋಟಾರಿನ ವ್ಯಾಟ್ ಅಲ್ಲ, ‘ಬಿನಾ ಪಿನ್ ಬ್ಲೇಡ್ ಹಿಡಿಯುತ್ತದಾ?’ ಎಂಬುದು.

ಅಕ್ಷರದ ಅತಿ ಬಿಗಿ ತಿರುವು ಅಳೆಯಿರಿ

ಬ್ಲೇಡನ್ನು ನಿಂತಲ್ಲೇ ಸುತ್ತ ತಿರುಗಿಸಿದರೆ ಮರದಲ್ಲಿ ಒಂದು ಗುಂಡು ತೂತು ಬೀಳುತ್ತದೆ. ಅದರ ವ್ಯಾಸ ಹೆಚ್ಚುಕಡಿಮೆ ಬ್ಲೇಡಿನ ಅಗಲದಷ್ಟು. ಇಷ್ಟು ನೆನಪಿದ್ದರೆ ಅರ್ಧ ಆಯ್ಕೆ ಮುಗಿದಂತೆ. ಅಕ್ಷರವನ್ನು ನಿಜವಾದ ಅಳತೆಗೇ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ತಲೆಕಟ್ಟು ಅಕ್ಷರದ ಮೈಗೆ ಸೇರುವ ಒಳಮೂಲೆ, ‘ಣ’ದ ಸುರುಳಿ, ‘ಈ’ಯ ಮಡಿಕೆ, ಇಂಥ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆ ಮೂಲೆಯಲ್ಲಿ 1 ಮಿ.ಮೀ. ತೂತು ಬಿದ್ದರೆ ಕಣ್ಣಿಗೆ ಚುಚ್ಚುತ್ತದೆಯೇ? ಇಲ್ಲವಾದರೆ 5ನೇ ನಂಬರ್ ಬ್ಲೇಡ್ ಸಾಕು. ಚುಚ್ಚುತ್ತದೆ ಎಂದಾದರೆ 3, ಅದೂ ದಪ್ಪವೆನಿಸಿದರೆ 1.

ನಂಬರುಗಳ ಅಂದಾಜು ಹೀಗೆ; ಅಗಲ ಎಂದರೆ ಹಲ್ಲಿನಿಂದ ಬೆನ್ನಿನವರೆಗೆ, ಕೊಯ್ದಾಗ ಬೀಳುವ ಸಂದು ಮಾತ್ರ ದಪ್ಪದ ಲೆಕ್ಕದ್ದು. ತಯಾರಕರಿಂದ ತಯಾರಕರಿಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. 2/0 ಅಂದರೆ ಅಗಲ 0.55, ದಪ್ಪ 0.25 ಮಿ.ಮೀ. 1ನೇ ನಂಬರ್ ಅಗಲ 0.65, ದಪ್ಪ 0.3. 3ನೇದು 0.9ರ ಹತ್ತಿರ, ದಪ್ಪ 0.35. 5ನೇದು 1 ಮಿ.ಮೀ. ಆಸುಪಾಸು, ದಪ್ಪ 0.4. 7ನೇದು 1.15, ದಪ್ಪ 0.45ಕ್ಕೆ ಸ್ವಲ್ಪ ಕಡಿಮೆ. 9ನೇದು 1.35. 12ನೇದು 1.6ಕ್ಕೆ ಹತ್ತಿರ, ಪಜಲ್ ಕೆಲಸದಲ್ಲಿ ಅದನ್ನು ಮರೆತುಬಿಡಬಹುದು. ನಂಬರ್ ಏರಿದಂತೆ ಬ್ಲೇಡ್ ಗಟ್ಟಿ, ನೇರ ಗೆರೆಗೆ ನಿಷ್ಠ, ತಿರುವಿಗೆ ಮೊಂಡ. ನಂಬರ್ ಇಳಿದಂತೆ ಎಲ್ಲಿ ಬೇಕಾದರೂ ತಿರುಗುತ್ತದೆ, ಆದರೆ ಕೈ ಸ್ವಲ್ಪ ಜೋರಾದರೂ ಬಾಗುತ್ತದೆ, ಮುರಿಯುತ್ತದೆ.

ಒಂದು ಅಕ್ಷರವನ್ನು ಹತ್ತಿರದಿಂದ ನೋಡೋಣ. ‘ದ’ ಬರೆದು ಹೊಟ್ಟೆ ಸೀಳಿದರೆ ‘ಧ’. ಪಜಲ್‌ನಲ್ಲಿ ಈ ಸೀಳು ಕಾಣಲೇಬೇಕು, ಇಲ್ಲವಾದರೆ ಧನ ದನವಾಗುತ್ತದೆ. ಹೊಸಬರು 3ನೇ ನಂಬರ್ ಬ್ಲೇಡನ್ನು ಒಂದೇ ಸಲ ಒಳಗೆ ಓಡಿಸಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಸಿಗುವುದು ಅರ್ಧ ಮಿ.ಮೀ.ಗೂ ಕಡಿಮೆಯ ಸಂದು. ಎರಡು ಕೈ ಬಣ್ಣ ಬಿದ್ದರೆ ಅದು ಮುಚ್ಚಿಹೋಗಿ ಧ ಮತ್ತೆ ದ ಆಗುತ್ತದೆ. 60 ಮಿ.ಮೀ. ಅಕ್ಷರಕ್ಕೆ ಸೀಳು 2 ಮಿ.ಮೀ.ಯಾದರೂ ಬೇಕು. ಮೊದಲು ಸೀಳಿನ ಒಳತುದಿಯಲ್ಲಿ 2 ಮಿ.ಮೀ. ಬಿಟ್‌ನಿಂದ ಒಂದು ತೂತು ಕೊರೆಯಿರಿ. ಆಮೇಲೆ ಹೊರಗಿನಿಂದ ಎರಡು ಗೆರೆ ಕೊಯ್ದು ಅದರ ಎಡ ಬಲ ಅಂಚಿಗೆ ಮುಟ್ಟಿಸಿ. ನಡುವಿನ ಪಟ್ಟಿ ತಾನೇ ಉದುರುತ್ತದೆ, ಒಳತುದಿ ದುಂಡಗೆ ಚೆಂದ ಕಾಣುತ್ತದೆ. ‘ಫ’, ‘ಢ’ಕ್ಕೂ ಇದೇ ಕ್ರಮ.

ಮುದ್ರಣದ ಸಣಕಲು ಫಾಂಟ್ ತೆಗೆದುಕೊಂಡು ಬ್ಲೇಡನ್ನು ಬೈಯುವವರೂ ಇದ್ದಾರೆ. ಗೆರೆಯ ದಪ್ಪ 10 ಮಿ.ಮೀ.ಗಿಂತ ಕಡಿಮೆಯಿರುವ ಅಕ್ಷರ ಪಜಲ್‌ಗೆ ಬೇಡ. ಎಷ್ಟೇ ಒಳ್ಳೆಯ ಬ್ಲೇಡ್ ಹಾಕಿದರೂ ಮಗು ಎರಡನೇ ದಿನ ತಲೆಕಟ್ಟು ಮುರಿದು ಕೈಗೆ ಕೊಡುತ್ತದೆ.

ಈಗ ದಪ್ಪ ಮತ್ತು ಹಲ್ಲು

ಪ್ಯಾಕೆಟ್ಟಿನ ಮೇಲೆ ಟಿಪಿಐ ಎಂದಿದ್ದರೆ ಅದು ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕ. ಹಳೆಯ ಸೂತ್ರ ಇಲ್ಲೂ ನಡೆಯುತ್ತದೆ: ಯಾವ ಹೊತ್ತಿಗೂ ಮರದೊಳಗೆ ಕನಿಷ್ಠ 3 ಹಲ್ಲು ಇರಬೇಕು. ಇಂಚಿಗೆ 12 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 2 ಮಿ.ಮೀ. ಅಂತರ. 6 ಮಿ.ಮೀ. ಪ್ಲೈಗೆ ಅದು ಹೇಗೋ ಆದೀತು. 4 ಮಿ.ಮೀ.ಯಲ್ಲಿ ಎರಡೇ ಹಲ್ಲು ಸಿಕ್ಕಿ ಹಲಗೆ ಕುಣಿಯುತ್ತದೆ, ಪದರ ಎದ್ದು ಬರುತ್ತದೆ. ಅತಿ ಹೆಚ್ಚು ಹಲ್ಲಿದ್ದರೂ ತೊಂದರೆಯೇ. ಹಲ್ಲಿನ ನಡುವಿನ ಹೊಂಡ ಚಿಕ್ಕದಾಗಿ ಹೊಟ್ಟು ಹೊರಬರುವುದಿಲ್ಲ. ಅದು ಅಲ್ಲೇ ಉಜ್ಜಿ ಬಿಸಿಯಾಗಿ ಮರವನ್ನು ಸುಡುತ್ತದೆ.

ನಮ್ಮ ಶಿಫಾರಸು: 4ರಿಂದ 6 ಮಿ.ಮೀ. ಪ್ಲೈ ಮೇಲೆ ಚಿತ್ರ ಅಂಟಿಸಿ ಮಾಡುವ ಜಿಗ್‌ಸಾ ಪಜಲ್‌ಗೆ 2/0 ಅಥವಾ 1. 12 ಮಿ.ಮೀ. ಹಲಗೆಯಿಂದ ಎತ್ತಿ ತೆಗೆಯುವ ಅಕ್ಷರಕ್ಕೆ 3 ಅಥವಾ 5. 18–20 ಮಿ.ಮೀ. ದಪ್ಪದ, ಒಂದಕ್ಕೊಂದು ಸಿಕ್ಕಿಸಿ ನೆಟ್ಟಗೆ ನಿಲ್ಲಿಸುವ ಆನೆ ನವಿಲು ಹೆಸರಿನ ಪಜಲ್‌ಗೆ 5. ಮರ ಗಟ್ಟಿಯಿದ್ದರೆ 7. ಅದಕ್ಕಿಂತ ದಪ್ಪಕ್ಕೆ 7 ಅಥವಾ 9, ಆದರೆ ಆಗ ವಿನ್ಯಾಸವನ್ನೇ ಸರಳ ಮಾಡಿಕೊಳ್ಳಬೇಕು. ತಿರುವಿನ ಲೆಕ್ಕ 3 ಎನ್ನುತ್ತಿದೆ, ದಪ್ಪದ ಲೆಕ್ಕ 7 ಎನ್ನುತ್ತಿದೆ ಎಂದಾದರೆ ತಿರುವಿನ ಮಾತು ಕೇಳಿ, ಕೈಯನ್ನು ನಿಧಾನ ಮಾಡಿ. ಇದನ್ನು ತಿರುವುಮುರುವು ಮಾಡಿದರೆ ಅಕ್ಷರ ಕೆಡುತ್ತದೆ.

ಹಲ್ಲಿನ ಜೋಡಣೆಯಲ್ಲಿ ಹಲವು ಹೆಸರು ಕಾಣುತ್ತವೆ. ರೆಗ್ಯುಲರ್‌ನಲ್ಲಿ ಹಲ್ಲು ಒತ್ತೊತ್ತಾಗಿರುತ್ತದೆ. ಸ್ಕಿಪ್ ಟೂತ್‌ನಲ್ಲಿ ಒಂದು ಬಿಟ್ಟು ಒಂದು ಹಲ್ಲು; ಹೊಟ್ಟು ಸರಾಗ ಹೊರಬರುತ್ತದೆ, ಸುಡುವುದು ಕಡಿಮೆ. ಡಬಲ್ ಸ್ಕಿಪ್‌ನಲ್ಲಿ ಎರಡು ಹಲ್ಲು, ಆಮೇಲೊಂದು ಖಾಲಿ. ರಿವರ್ಸ್ ಎಂದರೆ ಕೆಳತುದಿಯ ಕೆಲವು ಹಲ್ಲು ಮೇಲ್ಮುಖ; ಬ್ಲೇಡ್ ಮೇಲೇರುವಾಗ ಅವು ಹಲಗೆಯ ತಳದ ನಾರನ್ನು ಕತ್ತರಿಸುವುದರಿಂದ ತಳ ಜುಂಜು ಏಳುವುದಿಲ್ಲ. ಕ್ರೌನ್ ಬ್ಲೇಡಿನಲ್ಲಿ ಹಲ್ಲು ಮೇಲೂ ಕೆಳಗೂ ನೋಡುತ್ತವೆ. ಯಾವ ತುದಿ ಮೇಲಾದರೂ ನಡೆಯುತ್ತದೆ, ಕೊಯ್ತ ಮಾತ್ರ ನಿಧಾನ. ಸ್ಪೈರಲ್ ಎಂದರೆ ತಿರುಚಿದ ಬ್ಲೇಡ್, ಸುತ್ತಲೂ ಹಲ್ಲು. ಹಲಗೆ ತಿರುಗಿಸದೆಯೇ ಎತ್ತ ಬೇಕಾದರೂ ಕೊಯ್ಯಬಹುದು ಎಂದು ಕೇಳಿ ಕನ್ನಡ ಅಕ್ಷರಕ್ಕೆ ಇದೇ ಹೇಳಿ ಮಾಡಿಸಿದ್ದು ಅನಿಸುತ್ತದೆ. ಅಲ್ಲವೇ ಅಲ್ಲ. ಅದರ ಸಂದು ಅಗಲ, ಅಂಚು ಒರಟು. ಮರದ ನಾರು ಎತ್ತ ಎಳೆದರೆ ಅತ್ತ ಜಾರುತ್ತದೆ. ಪಜಲ್‌ಗೆ ಬೇಡ.

ಪಜಲ್ ಮಾಡುವವರು ಕೊಳ್ಳಬೇಕಾದ್ದು ಸ್ಕಿಪ್ ರಿವರ್ಸ್. ಮಗುವಿನ ಬೆರಳು ಅಕ್ಷರದ ಎರಡೂ ಮುಖ ಮುಟ್ಟುತ್ತದೆ. ತಳದಲ್ಲಿ ಸಿಬಿರು ಇರಕೂಡದು.

ಯಾವ ಮರ, ಬ್ಲೇಡ್ ಎಷ್ಟು ಬಾಳುತ್ತದೆ

ಪ್ಲೈ ಮೆತ್ತಗಿದ್ದಂತೆ ಕಂಡರೂ ಬ್ಲೇಡ್ ತಿನ್ನುವುದು ಅದೇ. ಕಾರಣ ಪದರಗಳ ನಡುವಿನ ಅಂಟು. ಐಎಸ್ 303 ಗುರುತಿನ ಮನೆಬಳಕೆಯ ಪ್ಲೈಗಿಂತ ಐಎಸ್ 710 ಗುರುತಿನ ಮರೀನ್ ಪ್ಲೈಯ ಅಂಟು ಗಡುಸು, ಹಲ್ಲು ಬೇಗ ಮೊಂಡಾಗುತ್ತದೆ. ಇನ್ನೊಂದು ಸಂಗತಿ, ಅಗ್ಗದ ಪ್ಲೈಯ ನಡುಪದರದಲ್ಲಿ ಟೊಳ್ಳು ಇರುತ್ತದೆ. ಪಜಲ್ ತುಂಡಿನ ಸಿಕ್ಕಿಸುವ ಗುಬುಟು ಸರಿಯಾಗಿ ಆ ಟೊಳ್ಳಿನ ಮೇಲೆ ಬಂದರೆ ಬೆರಳಲ್ಲಿ ಮುರಿದುಬರುತ್ತದೆ. ಕೊಳ್ಳುವಾಗ ಹಲಗೆಯ ನಾಲ್ಕೂ ಅಂಚು ನೋಡಿ. ಅಂಚಿನಲ್ಲೇ ಕಪ್ಪು ಬಿಲ ಕಂಡರೆ ಒಳಗೆ ಇನ್ನಷ್ಟಿವೆ ಎಂದು ತಿಳಿಯಿರಿ. ಬರ್ಚ್ ಪ್ಲೈ ಸಿಕ್ಕರೆ ಉತ್ತಮ, ಪದರ ತೆಳು, ಒಂದೇ ಸಮ.

ಸಾಗುವಾನಿ ನೋಡಲು ಚೆಂದ, ಕೊಯ್ಯಲು ಹಿತ. ಆದರೆ ಅದರೊಳಗೆ ಸಿಲಿಕಾ ಇದೆ, ಅಂದರೆ ಮರಳಿನ ಅಂಶ. ಬ್ಲೇಡ್ ಲೆಕ್ಕಕ್ಕಿಂತ ಹೆಚ್ಚು ಬೇಕಾಗುತ್ತದೆ. ಬೀಚ್ ಆಟಿಕೆಗೆ ಒಳ್ಳೆಯದು, ನಾರು ಸಣ್ಣ, ಸಿಬಿರು ಏಳದು. ತುಸು ತಡೆದರೂ ಕಂದು ಕಲೆ ಹತ್ತುತ್ತದೆ, ಅದಕ್ಕೆ ಹೊಸ ಬ್ಲೇಡೇ ಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಗ್ಗ. ಅದರ ಬೆಳವಣಿಗೆಯ ಉಂಗುರಗಳಲ್ಲಿ ಒಂದು ಗಟ್ಟಿ, ಒಂದು ಮೆತ್ತಗೆ, ಬ್ಲೇಡ್ ಮೆತ್ತಗಿರುವ ಕಡೆ ಜಾರಿಕೊಳ್ಳುತ್ತದೆ. ಜೊತೆಗೆ ರಾಳ ಹಲ್ಲಿಗೆ ಮೆತ್ತುತ್ತದೆ. ಮುರಿದ ಮೊಳೆ ಉಳಿದಿದೆಯೇ ಎಂದು ಆಯಸ್ಕಾಂತ ಆಡಿಸಿ ನೋಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೆಣ್ಣೆಯಂತೆ ಕೊಯ್ಯುತ್ತದೆ, ಆದರೆ ಪುಡಿ ಹಿಟ್ಟಿನಂತೆ ನುಣ್ಣಗೆ ಮನೆಯೆಲ್ಲ ಹಾರುತ್ತದೆ. ಎನ್95 ಮಾಸ್ಕ್ ಇಲ್ಲದೆ ಬೇಡ, ಮುಚ್ಚಿದ ಫ್ಲ್ಯಾಟಿನೊಳಗಂತೂ ಬೇಡವೇ ಬೇಡ.

ಒಂದು ಬ್ಲೇಡಿನ ಆಯುಷ್ಯ ಕೊಯ್ತದ ಹೊತ್ತಿನಲ್ಲಿ 15ರಿಂದ 45 ನಿಮಿಷ. ಗಟ್ಟಿ ಮರ, ಮರೀನ್ ಪ್ಲೈ ಆದರೆ ಅದಕ್ಕೂ ಕಡಿಮೆ. ಮುರಿಯುವವರೆಗೆ ಬಳಸುವುದು ಉಳಿತಾಯವಲ್ಲ. ಹಲಗೆಯನ್ನು ಮೊದಲಿಗಿಂತ ಜೋರಾಗಿ ತಳ್ಳಬೇಕಾಗಿದೆ ಎಂದು ಕೈಗೆ ಗೊತ್ತಾದ ಕ್ಷಣ ಬ್ಲೇಡ್ ಬದಲಿಸಿ.

ಆಯುಷ್ಯ ಹೆಚ್ಚಿಸುವ ಒಂದು ಒಳ್ಳೆಯ ಉಪಾಯವಿದೆ. ಯಂತ್ರದ ಏರಿಳಿತ ಹೆಚ್ಚೆಂದರೆ 20 ಮಿ.ಮೀ. ಆಸುಪಾಸು, ಹಾಗಾಗಿ ತೆಳು ಹಲಗೆ ಕೊಯ್ಯುವಾಗ ನಡುವಿನ ಸ್ವಲ್ಪವೇ ಹಲ್ಲು ಸವೆಯುತ್ತದೆ, ಉಳಿದವು ಹೊಸದಾಗಿಯೇ ಇರುತ್ತವೆ. 12 ಮಿ.ಮೀ. ಪ್ಲೈ ತುಂಡಿನ ನಡುವೆ ಸಣ್ಣ ತೂತು ಕೊರೆದು ಡಬಲ್ ಟೇಪಿನಿಂದ ಯಂತ್ರದ ಮೇಜಿಗೆ ಅಂಟಿಸಿದರೆ ಹಲಗೆ ಮೇಲೇರಿ ಹೊಸ ಹಲ್ಲಿಗೆ ಕೆಲಸ ಸಿಗುತ್ತದೆ. ರಿವರ್ಸ್ ಹಲ್ಲು ಆಗ ತಳಕ್ಕೆ ಮುಟ್ಟುವುದಿಲ್ಲ ಎಂಬುದೊಂದೇ ಕೊರತೆ; ಬಿಸಾಡುವ ಒಂದು ತೆಳು ಹಲಗೆ ಕೆಳಗಿಟ್ಟು ಜೊತೆಗೇ ಕೊಯ್ದರೆ ಅದೂ ನೀಗುತ್ತದೆ.

ಅಂಗಡಿಯಲ್ಲಿ ಏನೆಂದು ಕೇಳಬೇಕು

ಮುಂಬಯಿಯ ನಾಗದೇವಿ ಸ್ಟ್ರೀಟ್ ಹತ್ಯಾರುಗಳ ಬೀದಿ. ಅಲ್ಲಿಗೆ ಹೋಗಿ ‘ಜಿಗ್‌ಸಾ ಬ್ಲೇಡ್’ ಎಂದರೆ ಕೈಯಲ್ಲಿ ಹಿಡಿದು ಓಡಿಸುವ ಯಂತ್ರದ ದಪ್ಪ ಬ್ಲೇಡ್ ಕೊಡುತ್ತಾರೆ, ತಪ್ಪು ಅವರದಲ್ಲ. ‘ಸ್ಕ್ರೋಲ್ ಸಾ ಬ್ಲೇಡ್, ಪಾಂಚ್ ಇಂಚ್, ಬಿನಾ ಪಿನ್, ನಂಬರ್ ಪಾಂಚ್, ಸ್ಕಿಪ್ ರಿವರ್ಸ್’ ಎನ್ನಿ, ಜೇಬಿನಿಂದ ಹಳೆಯ ಬ್ಲೇಡ್ ತೆಗೆದು ತೋರಿಸಿ. ಬ್ಲೇಡ್ ಡಜನ್ ಲೆಕ್ಕದಲ್ಲಿ, ಇಲ್ಲವೇ 144ರ ಗ್ರೋಸ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಓಲ್ಸನ್, ಪೆಗಾಸ್, ಫ್ಲೈಯಿಂಗ್ ಡಚ್‌ಮನ್ ಹೆಸರು ಹಾಕಿ ಹುಡುಕಿ. ಮರಕ್ಕೆ ಪುಣೆಯವರಿಗೆ ಭವಾನಿ ಪೇಠದ ಟಿಂಬರ್ ಮಾರ್ಕೆಟ್ ಇದೆ. ಗೋವಾದವರು ಗಡಿ ದಾಟಿ ಸಾವಂತವಾಡಿಗೆ ಹೋದರೆ ಮರದ ಆಟಿಕೆ ಮಾಡುವವರ ಬೀದಿಯನ್ನೇ ಕಾಣಬಹುದು.

ಝವೇರಿ ಬಜಾರಿನ ಸುತ್ತ ಅಕ್ಕಸಾಲಿಗರ ಹತ್ಯಾರು ಮಾರುವ ಅಂಗಡಿಗಳಲ್ಲಿ ಚಿನ್ನ ಬೆಳ್ಳಿ ಕೊಯ್ಯುವ ಬ್ಲೇಡ್ ಸುಲಭವಾಗಿ ಸಿಗುತ್ತದೆ. ಉದ್ದ ಸುಮಾರು 130 ಮಿ.ಮೀ., ತುದಿ ಬೋಳು, ಸ್ಕ್ರೋಲ್ ಸಾಗೆ ಕೂರುತ್ತದೆ. ಅಗಲ ದಪ್ಪವೂ ಅದೇ ನಂಬರಿನ ಮರದ ಬ್ಲೇಡಿಗೆ ಸಮೀಪ. ಹಾಗೆಂದು ಮರುಳಾಗಬೇಡಿ. ಲೋಹಕ್ಕಾಗಿ ಮಾಡಿದ್ದರಿಂದ ಹಲ್ಲಿನ ಸಂಖ್ಯೆ ದುಪ್ಪಟ್ಟು, ಕೆಲವದರಲ್ಲಿ ಇನ್ನೂ ಹೆಚ್ಚು. ನಡುವೆ ಖಾಲಿ ಜಾಗವಿಲ್ಲ. 3–4 ಮಿ.ಮೀ. ಪ್ಲೈಯಲ್ಲಿ ಚಿತ್ರದ ಪಜಲ್‌ಗೆ ನುಣ್ಣನೆಯ ಅಂಚು ಕೊಡುತ್ತದೆ. 12 ಮಿ.ಮೀ.ಗೆ ಹಾಕಿದರೆ ಹೊಟ್ಟು ಸಿಕ್ಕಿ ಹೊಗೆ ಬರುತ್ತದೆ.

ಬಗೆಬಗೆಯ ನಂಬರ್ ಬೆರೆಸಿದ ‘ಅಸಾರ್ಟೆಡ್’ ಪೊಟ್ಟಣದಲ್ಲಿ ಅರ್ಧ ಬ್ಲೇಡ್ ಜನ್ಮದಲ್ಲಿ ಬಳಕೆಗೆ ಬರುವುದಿಲ್ಲ. 5ನೇ ನಂಬರ್ ಒಂದು ಡಜನ್, 3ನೇದು ಎರಡು ಡಜನ್. ಆರಂಭಕ್ಕೆ ಇಷ್ಟೇ.

ಹಾಕುವ ಕ್ರಮ

ಹೊಸ ಬ್ಲೇಡಿನ ಮೈಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಹಿಡಿಯಿಂದ ಬ್ಲೇಡ್ ಮತ್ತೆ ಮತ್ತೆ ಜಾರಿ ಬರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಎರಡೂ ತುದಿಯ 10 ಮಿ.ಮೀ.ಯಷ್ಟನ್ನು 220ರ ಸ್ಯಾಂಡ್ ಪೇಪರಿನಲ್ಲಿ ಎರಡು ಸಲ ಎಳೆದು ಒರೆಸಿ. ಪ್ಲಗ್ ಕಿತ್ತಿಡಿ. ಹಲ್ಲು ನಿಮ್ಮ ಕಡೆಗೆ, ಮೊನೆ ಕೆಳಕ್ಕೆ. ಯಾವ ಕಡೆ ಎಂದು ಕಣ್ಣಿಗೆ ಕಾಣದಿದ್ದರೆ ಹಳೆಯ ಬಟ್ಟೆಯ ಮೇಲೆ ನಯವಾಗಿ ಎಳೆಯಿರಿ; ಒಂದು ದಿಕ್ಕಿಗೆ ಜಾರುತ್ತದೆ, ಇನ್ನೊಂದಕ್ಕೆ ಕಚ್ಚುತ್ತದೆ. ಮೊದಲು ಕೆಳಹಿಡಿ ಬಿಗಿಯಿರಿ, ಆಮೇಲೆ ಮೇಲ್ಹಿಡಿ. ರಿವರ್ಸ್ ಬ್ಲೇಡಾದರೆ ಕೈಯಿಂದ ಯಂತ್ರ ತಿರುಗಿಸಿ ಬ್ಲೇಡನ್ನು ಪೂರ್ತಿ ಮೇಲಕ್ಕೆ ತನ್ನಿ. ಆಗ ಮೇಲ್ಮುಖದ ಎರಡು ಮೂರು ಹಲ್ಲು ಮೇಜಿನಿಂದ ಮೇಲೆ ಕಾಣಬೇಕು. ಒಂದೂ ಕಾಣದಿದ್ದರೆ ರಿವರ್ಸ್‌ಗೆ ಕೊಟ್ಟ ದುಡ್ಡು ದಂಡ. ಐದಾರು ಕಂಡರೆ ಹಲಗೆಯನ್ನು ಎತ್ತಿ ಎತ್ತಿ ಬಡಿಯುತ್ತದೆ.

ಬಿಗಿತಕ್ಕೆ ಅಳತೆಗೋಲು ನಿಮ್ಮ ಕಿವಿ. ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ಸ್ಪಷ್ಟವಾಗಿ ‘ಟಿಂಗ್’ ಅನ್ನಬೇಕು, ‘ಡಬ್’ ಅನ್ನಬಾರದು. ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ 3 ಮಿ.ಮೀ.ಗಿಂತ ಹೆಚ್ಚು ಬಾಗಬಾರದು.

ಇನ್ನು ಮೇಜು. ಒಂದಕ್ಕೊಂದು ಸಿಕ್ಕುವ ಪಜಲ್‌ನಲ್ಲಿ ಬ್ಲೇಡ್ ಮೇಜಿಗೆ 90 ಡಿಗ್ರಿ ಇಲ್ಲವಾದರೆ ತುಂಡು ಮೇಲಿನಿಂದ ಬರುತ್ತದೆ, ಕೆಳಗಿನಿಂದ ಹೋಗುವುದಿಲ್ಲ. ಮೇಜಿನ ಕೆಳಗೆ ಅಂಟಿಸಿದ ಡಿಗ್ರಿ ಪಟ್ಟಿ ನಂಬಬೇಡಿ. ಸುಮಾರು 40 ಮಿ.ಮೀ. ದಪ್ಪದ ಮರದ ಚೂರಿನ ಅಂಚಿನಲ್ಲಿ 2 ಮಿ.ಮೀ. ಆಳಕ್ಕೆ ಒಂದು ಗೀರು ಕೊಯ್ದು ಯಂತ್ರ ನಿಲ್ಲಿಸಿ. ಚೂರನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಬೆನ್ನ ಹಿಂದಕ್ಕೆ ಒಯ್ದು ಆ ಗೀರಿಗೆ ಬ್ಲೇಡಿನ ಬೆನ್ನು ಕೂರಿಸಿ. ಮೇಲಿನಿಂದ ಕೆಳಗಿನವರೆಗೆ ತಡೆಯಿಲ್ಲದೆ ಕೂತರೆ ಮೇಜು ಸರಿ. ಮೇಲೆ ಕೂತು ಕೆಳಗೆ ತಗುಲಿದರೆ ಮೇಜು ವಾಲಿದೆ. ನೀವು ನೋಡುತ್ತಿರುವುದು ನಿಜವಾದ ತಪ್ಪಿನ ಎರಡರಷ್ಟು, ಹಾಗಾಗಿ ಕಾಣುವುದರ ಅರ್ಧದಷ್ಟೇ ತಿದ್ದಿ. ಇಲ್ಲಿನ ಬಡಗಿಗಳು ಗುಣಿಯಾ (ಮೂಲೆಮಟ್ಟ) ಇಟ್ಟು ನೋಡುತ್ತಾರೆ, ಅದೂ ಆಗುತ್ತದೆ. ಇದು ಅದಕ್ಕಿಂತ ಸೂಕ್ಷ್ಮ.

ಕೊಯ್ಯುವಾಗ

ಹಲಗೆಗೆ ಮೊದಲು ಅಗಲವಾದ ಮಾಸ್ಕಿಂಗ್ ಟೇಪ್, ಅದರ ಮೇಲೆ ಗ್ಲೂ ಸ್ಟಿಕ್‌ನಿಂದ ಕಾಗದದ ನಮೂನೆ, ಅದರ ಮೇಲೊಂದು ಪಾರದರ್ಶಕ ಪ್ಯಾಕಿಂಗ್ ಟೇಪ್. ಕೊನೆಯ ಟೇಪ್ ಬ್ಲೇಡಿನ ಉಜ್ಜಾಟ ತಗ್ಗಿಸಿ ಬೀಚ್, ಸಾಗುವಾನಿಯಲ್ಲಿ ಸುಟ್ಟ ಕಲೆ ಕಡಿಮೆ ಮಾಡುತ್ತದೆ. ನೇರವಾಗಿ ಮರಕ್ಕೆ ಫೆವಿಕಾಲ್ ಹಚ್ಚಿ ಕಾಗದ ಅಂಟಿಸಿದವರು ಆಮೇಲೆ ಅರ್ಧ ದಿನ ಉಜ್ಜುತ್ತ ಕೂರಬೇಕಾಗುತ್ತದೆ.

ಒಳಗಿನ ಭಾಗಕ್ಕೆ ತೂತು: 3ನೇ ನಂಬರಿಗೆ 1.2 ಮಿ.ಮೀ. ಬಿಟ್, 5ಕ್ಕೆ 1.5. ತೆಗೆದು ಎಸೆಯುವ ಭಾಗವಾದರೆ ಅದರ ನಡುವೆ ಎಲ್ಲಿ ಬೇಕಾದರೂ ಕೊರೆಯಿರಿ. ಎತ್ತಿ ತೆಗೆಯುವ ಅಕ್ಷರದಲ್ಲಿ ಎಸೆಯುವ ಭಾಗವೇ ಇಲ್ಲ, ಅಕ್ಷರವೂ ಬೇಕು ಹಲಗೆಯೂ ಬೇಕು. ಅಲ್ಲಿ ತೂತನ್ನು ಗೆರೆಯ ಮೇಲೆಯೇ, ತಲೆಕಟ್ಟಿನ ಒಳಮೂಲೆಯಲ್ಲಿ ಅಡಗಿಸಬೇಕು. ಕೊರೆಯುವ ಯಂತ್ರ ನೆಟ್ಟಗಿರಲಿ. ವಾಲಿದ ತೂತು ತಳದಲ್ಲಿ ಗೆರೆ ಬಿಟ್ಟು ಬೇರೆಡೆ ಬರುತ್ತದೆ.

ಹೊಸ ಬ್ಲೇಡ್ ಗೆರೆ ಬಿಟ್ಟು ಬಲಕ್ಕೆ ಎಳೆಯುತ್ತದೆ ಎಂದು ಗಾಬರಿಯಾಗಬೇಡಿ. ಹಲ್ಲು ಮಾಡುವಾಗ ಒಂದು ಬದಿಯಲ್ಲಿ ಸೂಕ್ಷ್ಮ ಮುಳ್ಳಂಚು ಉಳಿಯುತ್ತದೆ. ಸಾಮಾನ್ಯವಾಗಿ ಅದು ಬಲಬದಿ. ಆ ಬದಿ ಹೆಚ್ಚು ಕೊಯ್ಯುತ್ತದೆ. ರದ್ದಿ ಹಲಗೆಯ ಮೇಲೆ ಒಂದು ನೇರ ಗೆರೆ ಎಳೆದು ಕೊಯ್ದು ನೋಡಿ. ಇನ್ನೂ ಕೊಯ್ಯದ ಗೆರೆ ನಿಮ್ಮ ಬಲಗೈ ಕಡೆಗೆ ಕೆಲವು ಡಿಗ್ರಿ ತಿರುಗಿರುವಂತೆ ಹಲಗೆ ಹಿಡಿದರೆ ಬ್ಲೇಡ್ ಗೆರೆಯ ಮೇಲೆ ನಿಲ್ಲುತ್ತದೆ. ಆ ಕೋನ ಕೈಗೆ ಕೂರಲು ಒಂದೆರಡು ಸಂಜೆ ಸಾಕು. ಹಲ್ಲನ್ನು ಸಾಣೆ ಹಿಡಿದು ಮಾಡಿದ ದುಬಾರಿ ಬ್ಲೇಡುಗಳಲ್ಲಿ ಈ ಎಳೆತ ಕಡಿಮೆ.

ಬಿಗಿ ಮೂಲೆಗೆ ಬಂದಾಗ ಹಲಗೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತೆಗೆದು, ಹಲ್ಲಿನ ಮೇಲೆ ಭಾರ ಬೀಳದಂತೆ, ಬ್ಲೇಡಿನ ಬೆನ್ನಿಗೆ ಒರಗಿಸಿ ಒಂದೇ ಬೀಸಿಗೆ ತಿರುಗಿಸಿ. ಮುಂದಕ್ಕೆ ತಳ್ಳುತ್ತ ತಿರುಗಿಸಿದರೆ ಮೂಲೆ ದುಂಡಾಗುತ್ತದೆ. ತಿರುಗುವಾಗ ಬ್ಲೇಡ್ ತಡೆಯುತ್ತಿದೆ ಎನಿಸಿದರೆ, ಯಂತ್ರ ನಿಧಾನ ಓಡುತ್ತಿರುವಾಗ ಬ್ಲೇಡಿನ ಹಿಂದಿನ ಎರಡು ಮೂಲೆಗೆ ನುಣ್ಣನೆಯ ಸಾಣೆಕಲ್ಲನ್ನು ಹತ್ತು ಹತ್ತು ಸೆಕೆಂಡ್ ತಾಕಿಸಿ. ಚೌಕ ಬೆನ್ನು ದುಂಡಾಗಿ ತಿರುವು ಸಲೀಸಾಗುತ್ತದೆ. ಅದಕ್ಕೆ ಮುಂಚೆ ಮೇಜಿನ ಸುತ್ತಲಿನ ಹೊಟ್ಟು ಗುಡಿಸಿಬಿಡಿ, ಕಿಡಿ ಹಾರುತ್ತದೆ. ಕನ್ನಡಕ ಹಾಕಿಯೇ ಇರಿ.

ಕೆಟ್ಟರೆ ಏಕೆ ಕೆಟ್ಟಿತು

ತುಂಡು ಒಂದೇ ಕಡೆಯಿಂದ ಬಿಡುತ್ತದೆ, ಅಂಚು ಮಾತ್ರ ನೇರವಿದೆ ಎಂದರೆ ಮೇಜು ವಾಲಿದೆ. ಅಂಚಿನ ನಡುಭಾಗ ಹೊಟ್ಟೆಯಂತೆ ಉಬ್ಬಿದೆ ಅಥವಾ ತಗ್ಗಿದೆ ಎಂದರೆ ಮೇಜಿನದ್ದಲ್ಲ, ಬ್ಲೇಡ್ ಕೊಯ್ಯುವಾಗ ಬಿಲ್ಲಿನಂತೆ ಬಾಗಿದೆ: ಬಿಗಿತ ಕಡಿಮೆ, ಇಲ್ಲವೇ ನೀವು ಜೋರಾಗಿ ತಳ್ಳಿದಿರಿ, ಇಲ್ಲವೇ ಬ್ಲೇಡ್ ಮೊಂಡಾಗಿತ್ತು. 20 ಮಿ.ಮೀ. ಮರಕ್ಕೆ 1ನೇ ನಂಬರ್ ಹಾಕಿದವರಿಗೆ ಇದು ಖಚಿತ. ಬ್ಲೇಡ್ ಸದಾ ಮೇಲ್ಹಿಡಿಯ ಬಾಯಲ್ಲೇ ಮುರಿಯುತ್ತಿದ್ದರೆ ಮೇಲಿನ ಕೆಳಗಿನ ಹಿಡಿ ಒಂದೇ ಗೆರೆಯಲ್ಲಿಲ್ಲ, ಬ್ಲೇಡ್ ಪ್ರತಿ ಏರಿಳಿತಕ್ಕೂ ಮಡಿಯುತ್ತಿದೆ. ನಡುವೆ ಮುರಿದರೆ ಅದು ತಳ್ಳಾಟ ಅಥವಾ ಸವೆತ. ಸುಟ್ಟ ಕಲೆಗೆ ವೇಗ ಇಳಿಸಿ ನೋಡಿ. ಹೋಗದಿದ್ದರೆ ಬ್ಲೇಡ್ ಬದಲಿಸಿ, ಆಗಲೂ ಹೋಗದಿದ್ದರೆ ಒಂದು ನಂಬರ್ ದೊಡ್ಡದು ಹಾಕಿ.

ಚಿತ್ರದ ಪಜಲ್‌ನಲ್ಲಿ ತುಂಡುಗಳು ಸಡಿಲವಾಗಿ ಉದುರುತ್ತವೆ ಎಂದರೆ ಸಂದು ಅಗಲವಾಯಿತು, 2/0ಗೆ ಇಳಿಯಿರಿ. ಎತ್ತಿ ತೆಗೆಯುವ ಅಕ್ಷರ ಕೂರುವ ತಟ್ಟೆಯಲ್ಲಿ ಇದು ತಿರುವುಮುರುವು, ಸಂದು ಸಾಲದಾಗುತ್ತದೆ. 5ನೇ ನಂಬರ್ ಬಿಡುವ ಸಂದು ಅರ್ಧ ಮಿ.ಮೀ.ಗೆ ಸ್ವಲ್ಪ ಕಡಿಮೆ. ಅಕ್ಷರ ನಡುವೆ ಕೂತರೆ ಪ್ರತಿ ಬದಿಗೆ ಅದರ ಅರ್ಧ. ಅಕ್ಷರದ ಅಂಚಿಗೂ ಹಲಗೆಯ ಅಂಚಿಗೂ ಬಣ್ಣ ಬಿದ್ದರೆ ಅದರಲ್ಲಿ ಬಹುಪಾಲು ಹೋಯಿತು. ಮೇಲೆ ಮಳೆಗಾಲ. ಫೆಬ್ರವರಿಯಲ್ಲಿ ಕೊಯ್ದ ಸಾಗುವಾನಿ ಅಕ್ಷರ ಜುಲೈನಲ್ಲಿ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ತಟ್ಟೆಯೂ ಅದೇ ಮರವಾದರೂ ಅದು ತಳದ ಪ್ಲೈಗೆ ಅಂಟಿಕೊಂಡಿರುವುದರಿಂದ ಹಿಗ್ಗಲು ಬಿಡುವಿಲ್ಲ. ಅಕ್ಷರ ಸಿಕ್ಕಿಹಾಕಿಕೊಳ್ಳುತ್ತದೆ, ಮಗು ಚಮಚ ಹಾಕಿ ಮೀಟುತ್ತದೆ. ಹಾಗಾಗಿ ಘನಮರದ ತಟ್ಟೆಗೆ 3 ಬೇಡ, 5 ಹಾಕಿ, ಅಂಚಿಗೆ ಬಣ್ಣ ಬೇಡ. ಕೊಯ್ದ ಅಕ್ಷರದ ಸುತ್ತ 180ರ ಸ್ಯಾಂಡ್ ಪೇಪರ್ ಒಂದು ಸುತ್ತು ಆಡಿಸಿ. ಪ್ಲೈ ತಟ್ಟೆಗೆ 3 ನಡೆಯುತ್ತದೆ, ಅದು ಅಷ್ಟು ಹಿಗ್ಗುವುದಿಲ್ಲ.

ಬ್ಲೇಡಿನಿಂದ ತಪ್ಪಿಸಲಾಗದ ಒಂದು ತೊಂದರೆ ಸೊನ್ನೆ ಮತ್ತು ಒತ್ತಕ್ಷರ. ‘ಅಮ್ಮ’ ಕೊಯ್ದರೆ ಮ-ಒತ್ತು ಬೇರೆ ತುಂಡಾಗಿ ಉದುರುತ್ತದೆ. ‘ಅಂ’ನ ಸೊನ್ನೆಯಂತೂ ಗುಂಡಿಯಷ್ಟು. ಆಟಿಕೆಯ ಸುರಕ್ಷೆ ಪರೀಕ್ಷೆಯಲ್ಲಿ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಮುಳುಗುವ ತುಂಡು ಮೂರು ವರ್ಷದೊಳಗಿನ ಮಗುವಿಗೆ ಅಪಾಯ ಎಂದು ಲೆಕ್ಕ. ಒತ್ತನ್ನು ಮೇಲಿನ ಅಕ್ಷರಕ್ಕೆ 8 ಮಿ.ಮೀ. ಸೇತುವೆಯಿಂದ ಜೋಡಿಸಿಯೇ ನಮೂನೆ ಬರೆಯಿರಿ, ಸೊನ್ನೆಯನ್ನು ಅಕ್ಷರದ ಮೈಗೆ ತಾಗಿಸಿ. ಕೊಯ್ಯಲೂ ಸುಲಭ, ಒಂದು ತೂತು ಕೊರೆಯುವುದು ತಪ್ಪುತ್ತದೆ.

ಉಳಿದ ಬ್ಲೇಡುಗಳನ್ನು ನಂಬರ್ ಬರೆದ ಪ್ರಯಾಣದ ಟೂತ್‌ಬ್ರಷ್ ಡಬ್ಬಿಗಳಲ್ಲಿ ಇಡಿ, 127 ಮಿ.ಮೀ.ಗೆ ಸರಿಯಾಗುತ್ತದೆ. ಜೊತೆಗೆ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವೊಂದು, ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು. ಸಮುದ್ರದ ಗಾಳಿ ಬೀಸುವ ವಾಸ್ಕೋ, ಮುಂಬಯಿಯ ಬಾಲ್ಕನಿಯಲ್ಲಿ ಬಿಟ್ಟ ಬ್ಲೇಡ್ ಜೂನ್ ಮುಗಿಯುವಷ್ಟರಲ್ಲಿ ಕೆಂಪಾಗಿರುತ್ತದೆ. ತುಕ್ಕು ಹಿಡಿದದ್ದನ್ನು ಉಜ್ಜಿ ಬಳಸಬೇಡಿ, ಹಲ್ಲಿನ ಮೊನೆ ಆಗಲೇ ಹೋಗಿದೆ.